ಕೆಳಗಿನ ಮೂರು

ನಮ್ಮ ಮನೆಯಲ್ಲಿ ಪೂರ್ತಿಯಲ್ಲದ್ದನ್ನು ಎಣಿಸಲು ಮೂರು ಭಾಷೆಗಳಿದ್ದವು. ಅಪ್ಪನದು ಪಾಯಿಂಟಿನ ಭಾಷೆ. ರಸ್ತೆ ಅಳೆಯುವ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಜಗತ್ ಸರ್ಕಲ್ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ‘ಎರಡು ಪಾಯಿಂಟ್ ಆರು’ ಎನ್ನುತ್ತಿದ್ದ. ಕೇಳಿದವರು ಆಟೋ ಹತ್ತಬೇಕೋ ನಡೆದೇ ಹೋಗಬೇಕೋ ತಿಳಿಯದೆ ನಿಲ್ಲುತ್ತಿದ್ದರು. ಅವ್ವನದು ಶಾಲೆಯ ಪುಸ್ತಕದ ಕನ್ನಡ: ಕಾಲು, ಅರ್ಧ, ಮುಕ್ಕಾಲು. ಅತ್ತಿಯದು ಕಮಲಾಪುರದ ಸಂತೆಯಿಂದ ಬಂದದ್ದು: ಪಾವು, ಸವ್ವಾ, ದೀಡ, ಅಡೀಚ. ಪಾವು ಎಂದರೆ ಸೇರಿನ ಕಾಲು ಭಾಗ, ಸವ್ವಾ ಎಂದರೆ ಒಂದೂಕಾಲು, ದೀಡ ಎಂದರೆ ಒಂದೂವರೆ, ಅಡೀಚ ಎಂದರೆ ಎರಡೂವರೆ. ನಾನು ಮೂರನ್ನೂ ಬೆರೆಸಿ ಮಾತಾಡುತ್ತಿದ್ದೆ. ಒಮ್ಮೆ ಪರೀಕ್ಷೆಯಲ್ಲಿ ‘ಉತ್ತರ: ಅಡೀಚ’ ಎಂದು ಬರೆದು ಇಡೀ ಪಿರಿಯಡ್ ಬೆಂಚಿನ ಮೇಲೆ ನಿಂತದ್ದೂ ಉಂಟು.

ಅತ್ತಿ ಅಪ್ಪನ ಅಕ್ಕ. ಹೆಸರು ಶರಣಮ್ಮ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನ ಮನೆಯಿಂದ ಮರಳಿದವಳು. ಯಾಕೆ ಎಂದು ಕೇಳಿದಾಗಲೆಲ್ಲ ಅವ್ವ ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಳು. ನಾನು ಹುಟ್ಟುವ ಮೊದಲೇ ಅವಳು ನಮ್ಮ ಮನೆಗೆ ಬಂದು, ಅಡುಗೆಮನೆಯ ಪಕ್ಕದ ಕಾಳಿನ ಕೋಣೆಯಲ್ಲಿ ತನ್ನ ಟ್ರಂಕು ಇಟ್ಟಿದ್ದಳು. ಒಂದು ಗೋಡೆಗೆ ಜೋಳದ ಚೀಲಗಳು, ಇನ್ನೊಂದಕ್ಕೆ ತೊಗರಿಬೇಳೆಯ ಡಬ್ಬಿಗಳು, ನಡುವೆ ಸುತ್ತಿಟ್ಟ ಅತ್ತಿಯ ಹಾಸಿಗೆ. ಫರಸಿ ಕಲ್ಲಿನ ನೆಲ ಕಲಬುರಗಿಯ ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದುದರಿಂದ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಅದೇ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ತಾನು ಮಾತ್ರ ಒಂದು ದಿನವೂ ಅಲ್ಲಿ ಮಲಗಲಿಲ್ಲ.

ರೊಟ್ಟಿ ಬಡಿಯುವವಳು ಅವಳು, ಹಂಚುವವಳೂ ಅವಳು. ಅವಳು ಬಡಿಯುವಾಗ ಅಡುಗೆಮನೆಯ ಪಾತ್ರೆಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ನಾವು ಒಲೆಯ ಎದುರಿಗೇ ಕೂತು ಉಣ್ಣುತ್ತಿದ್ದೆವು. ಪುಂಡಿಪಲ್ಯ, ಶೇಂಗಾ ಹಿಂಡಿ, ಅಪ್ಪನ ತಾಟಿಗೆ ಮೊದಲ ರೊಟ್ಟಿ, ನನ್ನದಕ್ಕೆ ಎರಡನೆಯದು. ಕಮಲಾಪುರದಲ್ಲಿ ಹೊಲ ನೋಡಿಕೊಂಡಿದ್ದ ದೊಡ್ಡಪ್ಪ ಆಗಾಗ ಕೆಂಪು ಬಾಳೆಹಣ್ಣು ಕಳಿಸುತ್ತಿದ್ದ. ಅಂಗೈಯಲ್ಲಿ ಹಿಡಿಸದಷ್ಟು ದಪ್ಪನೆಯ ಹಣ್ಣು. ಒಂದನ್ನೇ ಎಲ್ಲರೂ ಹಂಚಿಕೊಂಡು ತಿನ್ನುವುದು ನಮ್ಮ ಮನೆಯ ರೂಢಿ. ಅತ್ತಿ ಈಳಿಗೆಯ ಮುಂದೆ ಕೂತು ಅದನ್ನು ಸರಿಯಾಗಿ ಮೂರು ತುಂಡು ಮಾಡುತ್ತಿದ್ದಳು. ಅಪ್ಪನಿಗೊಂದು, ಅವ್ವನಿಗೊಂದು, ನನಗೊಂದು. ನಿನಗೆ ಎಂದು ಯಾರಾದರೂ ಕೇಳಿದರೆ ‘ನಂದೇನದ’ ಎಂದು ಸಿಪ್ಪೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ಹಬ್ಬಕ್ಕೆ ಸೀರೆ ತರುವಾಗಲೂ ಅದೇ, ಜ್ವರ ಬಂದಾಗಲೂ ಅದೇ: ನಂದೇನದ. ಅದು ಮಾತಲ್ಲ, ಅವಳ ಉಸಿರಾಟ ಎಂದುಕೊಂಡಿದ್ದೆವು. ಕ್ರಮೇಣ ಕೇಳುವುದನ್ನೂ ಬಿಟ್ಟೆವು.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜಿನ ಗಣಿತದ ಮೇಡಂ ವರ್ಗವಾಗಿ ಹೊರಟರು. ಸಾಮಾನು ಕಟ್ಟುವಾಗ ನಾನು ಸುತ್ತ ಸುಳಿಯುತ್ತಿದ್ದುದನ್ನು ನೋಡಿ, ಡ್ರಾದಿಂದ ಒಂದು ಯಂತ್ರ ತೆಗೆದು ಕೈಗಿಟ್ಟರು. ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್. ಅಂಗಡಿಯವರ ಬಳಿ ಇರುವಂಥದ್ದಲ್ಲ. ಅಗಲವಾದ ಬೂದು ಪರದೆ, ಐವತ್ತಕ್ಕೂ ಹೆಚ್ಚು ಗುಂಡಿಗಳು, ಒಂದೊಂದು ಗುಂಡಿಯ ಮೇಲೆ ಮೂರು ಮೂರು ಬಣ್ಣದ ಅಕ್ಷರ. ಅದಕ್ಕೆ ನಾವೇ ಹೇಳಿಕೊಡಬಹುದು, ಹೇಳಿಕೊಟ್ಟದ್ದನ್ನು ಅದು ಮರೆಯುವುದಿಲ್ಲ ಎಂದರು ಮೇಡಂ. ಜೊತೆಗಿದ್ದ ಇಂಗ್ಲಿಷ್ ಕೈಪಿಡಿಯ ಅರ್ಧ ಹಾಳೆಗಳು ಕಿತ್ತುಹೋಗಿದ್ದವು. ಅಪ್ಪ ಜಗತ್‌ನಿಂದ ಹೊಸ ಸೆಲ್ ತಂದು ಹಾಕಿದ. ಪರದೆಯ ಮೇಲೆ ಗೆರೆಯೊಂದು ಬಾಗುತ್ತ ಏರಿದ್ದು ನೋಡಿ, ಇದು ರಸ್ತೆಯ ಏರಿನ ನಕ್ಷೆಯ ಹಾಗೆಯೇ ಇದೆ ಎಂದು ಖುಷಿಪಟ್ಟು, ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದ.

ಅತ್ತಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಒಂದು ದಿನ ಊರಿಂದ ಬಂದ ಮೂರು ಸೇರು ಶೇಂಗಾವನ್ನು ಓಣಿಯ ಎಂಟು ಮನೆಗೆ ಕೊಡಬೇಕಾಗಿತ್ತು. ನಾನು ಜಂಬದಿಂದ ಯಂತ್ರ ಒತ್ತಿ ಸೊನ್ನೆ ಪಾಯಿಂಟ್ ಮೂರು ಏಳು ಐದು ಎಂದು ಓದಿದೆ. ಅತ್ತಿ ಅಳತೆಯ ಪಾತ್ರೆ ಹಿಡಿದು ನನ್ನನ್ನೇ ನೋಡಿದಳು.

“ಮೊದಲಿಗೇ ಸೊನ್ನಿ ಅಂತದ. ಸೊನ್ನಿ ಹ್ಯಾಂಗ ಹಂಚಲಿ?”

ನಾನು ವಿವರಿಸಲು ಹೋದೆ. ಅಷ್ಟರಲ್ಲಿ ಅವಳು ಒಂದು ಪಾವು, ಮೇಲೆ ಅರ್ಧ ಪಾವು ಎಂದು ಎಂಟು ಗುಂಪು ಹಾಕಿ ಮುಗಿಸಿದ್ದಳು. ಒಂದು ಕಾಳೂ ಉಳಿಯಲಿಲ್ಲ. ದೀಡ ಪಾವು ಅಂತ ಹೇಳಲು ಬಾರದ ಮಷಿನ್ ಎಂಥ ಮಷಿನ್ ಎಂದು ಸೆರಗು ಕೊಡವಿಕೊಂಡು ಹೋದಳು. ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳು ಹೇಳಿದ್ದು ಸರಿ ಎನ್ನಿಸಿತು. ಪಾಯಿಂಟಿನ ಸಂಖ್ಯೆಯನ್ನು ಕೈಯಲ್ಲಿ ಹಿಡಿಯಲಾಗುವುದಿಲ್ಲ. ಎಂಟರಲ್ಲಿ ಮೂರು ಪಾಲು ಎಂದರೆ ಹಿಡಿಯಬಹುದು. ಯಂತ್ರಕ್ಕೆ ಅತ್ತಿಯ ಭಾಷೆ ಕಲಿಸುತ್ತೇನೆ, ಪಾಯಿಂಟು ಕೊಟ್ಟರೆ ಭಿನ್ನರಾಶಿ ಹೇಳಬೇಕು ಎಂದು ಹಟ ಹಿಡಿದೆ.

ಶಾಲೆ ಬಿಟ್ಟು ಬಂದವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗುಂಡಿ ಒತ್ತುವುದು, ಒಳಗೆ ಅತ್ತಿ ರೊಟ್ಟಿ ಬಡಿಯುವುದು. ಒಂದೂವರೆ ತಿಂಗಳು ಹೀಗೆಯೇ ಹೋಯಿತು. ನನ್ನ ಉಪಾಯ ಸರಳವಾಗಿತ್ತು. ಪಾಯಿಂಟಿನ ಸಂಖ್ಯೆಯನ್ನು ಒಂದರಿಂದ ಗುಣಿಸು, ಎರಡರಿಂದ ಗುಣಿಸು, ಮೂರರಿಂದ, ನಾಲ್ಕರಿಂದ. ಪ್ರತಿ ಸಲವೂ ಪಾಯಿಂಟಿನ ಆಚೆ ಏನಾದರೂ ಉಳಿಯಿತೇ ನೋಡು. ಉಳಿಯದಿದ್ದರೆ ನಿಲ್ಲು. ಯಾವುದರಿಂದ ಗುಣಿಸಿದೆಯೋ ಅದು ಕೆಳಗಿನ ಅಂಕಿ, ಬಂದ ಉತ್ತರ ಮೇಲಿನ ಅಂಕಿ. ಸೊನ್ನೆ ಪಾಯಿಂಟ್ ಮೂರು ಏಳು ಐದು ಎಂಟಕ್ಕೆ ಬಂದಾಗ ಮೂರಾಗಿ ನಿಂತಿತು. ಕುಣಿದಾಡಿದೆ. ಹಂಚುವುದನ್ನೂ ಅದೇ ಮಾಡಲಿ ಎಂದು, ಮೊದಲು ‘ಎಷ್ಟು’ ಎಂದೂ ಆಮೇಲೆ ‘ಎಷ್ಟು ಪಾಲು’ ಎಂದೂ ಕೇಳುವಂತೆ ಮಾಡಿದೆ. ಬಾಳೆಹಣ್ಣಿನ ಮೇಲೆ ಪರೀಕ್ಷೆ ಮಾಡಿದೆ: ಒಂದು ಹಣ್ಣು, ಮೂರು ಪಾಲು. ಯಂತ್ರ ಎಣಿಸುತ್ತಲೇ ಹೋಯಿತು. ಹನ್ನೆರಡು ರೊಟ್ಟಿ ಆದವು, ಬೇಳೆ ಕುದಿಯಿತು, ಕೋಟನೂರಿನ ಹಾಲಿನವನು ಬಂದು ಹೋದ. ಪರದೆಯ ಮೂಲೆಯಲ್ಲಿ ಗೆರೆ ಓಡುತ್ತಲೇ ಇತ್ತು. ಒಂದನ್ನು ಮೂರರಿಂದ ಭಾಗಿಸಿದರೆ ಮೂರುಗಳ ಸಾಲು ಬರುತ್ತದೆ, ಅದನ್ನು ಮತ್ತೆ ಮೂರರಿಂದ ಗುಣಿಸಿದರೆ ಒಂದಾಗುವುದಿಲ್ಲ, ಒಂಬತ್ತುಗಳ ಸಾಲಾಗುತ್ತದೆ. ಕೂದಲೆಳೆಯಷ್ಟು ಕಡಿಮೆ. ಆ ಕೂದಲೆಳೆಯನ್ನು ಯಂತ್ರ ಒಪ್ಪುತ್ತಿರಲಿಲ್ಲ.

ಅದೇ ಮೂರನ್ನು ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಒಂದು, ಮೂರು. ಒಂದು, ಮೂರು. ಒಂದು ಸಂಜೆ ಅಳು ಬಂತು. ಅತ್ತಿ ಹಿಟ್ಟಿನ ಕೈಯಲ್ಲೇ ಬಂದು ಏನಾಯಿತು ಎಂದಳು. ನಾನು ಉತ್ತರ ಕೊಡದೆ, ಒಂದು ರೊಟ್ಟಿಯನ್ನು ಎರಡು ಮಾಡಿದರೆ ಎರಡೂ ಸಮ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

“ಸಮ ಎಲ್ಲಿರತಾವ? ಚೂರು ಹೆಚ್ಚು ಕಮ್ಮಿ ನಡೀತದ. ಅಳಕೋತ ಕೂತ್ರ ರೊಟ್ಟಿ ಆರತಾವ.”

ಆ ಮಾತಿನಿಂದ ಗಂಟು ಬಿಚ್ಚಿತು. ಪೂರ್ಣ ಸಂಖ್ಯೆಗೆ ಹೆಚ್ಚಾದದ್ದೋ ಕಡಿಮೆಬಿದ್ದದ್ದೋ ಸಾವಿರದಲ್ಲಿ ಒಂದು ಪಾಲಿನೊಳಗಿದ್ದರೆ ಏನೂ ಉಳಿಯಲಿಲ್ಲ ಎಂದೇ ತಿಳಿದುಕೋ ಎಂದು ಒಂದು ಸಾಲು ಸೇರಿಸಿದೆ. ಈ ಸಲ ಒಂದು, ಮೂರು ಎಂದು ಒತ್ತಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆ ಒಂದು, ಕೆಳಗೆ ಮೂರು ಬಂತು. ಅತ್ತಿ ಪರದೆಗೆ ಹಿಟ್ಟಿನ ಬೆರಳು ತಾಗಿಸಿ, ಕೆಳಗಿನದು ಏನು ಎಂದು ಕೇಳಿದಳು. ಶಾಲೆಯಲ್ಲಿ ಅದಕ್ಕೆ ಛೇದ ಎನ್ನುತ್ತಾರೆ, ಮೇಲಿನದಕ್ಕೆ ಅಂಶ ಎಂದೆ. ಅವಳಿಗೆ ಅದು ಹಿಡಿಸಲಿಲ್ಲ. ಕೆಳಗೆ ಎಷ್ಟು ಮಂದಿ ಕೂತಿದ್ದಾರೆ ಎಂಬುದು, ಮೇಲೆ ಒಬ್ಬರಿಗೆ ಎಷ್ಟು ಬಂತು ಎಂಬುದು, ಅಷ್ಟೇ ಅಲ್ಲವೇ ಎಂದಳು. ಪಾಯಿಂಟಿನಲ್ಲಿ ಮಂದಿ ಕಾಣುವುದಿಲ್ಲ, ಇದರಲ್ಲಿ ಕಾಣುತ್ತಾರೆ. ನಾನು ಈಗ ಮೂವತ್ತು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ, ಭಿನ್ನರಾಶಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ನನಗೆ ಇವತ್ತಿಗೂ ಬಂದಿಲ್ಲ.

ಅದೇ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಮಾತು ಓಡಾಡುತ್ತಿತ್ತು. ದೊಡ್ಡಪ್ಪ ಬೋರ್ ಹಾಕಿಸಬೇಕು ಎಂದಿದ್ದ, ಅದಕ್ಕೆ ಖಾತೆ ಬೇರೆಯಾಗಬೇಕು, ಅಂದರೆ ಹೊಲ ಅಣ್ಣತಮ್ಮಂದಿರಿಬ್ಬರಿಗೆ ಪಾಲಾಗಬೇಕು. ಅತ್ತಿ ತನಗೆ ಹಕ್ಕು ಬೇಡ ಎಂದು ಸಹಿ ಹಾಕಬೇಕು. ಹಾಗೆ ಸಹಿ ಹಾಕುವ ಹೆಣ್ಣುಮಗಳಿಗೆ ಒಂದು ಸೀರೆ, ಒಂದು ಕುಬಸದ ಖಣ ಕೊಟ್ಟು ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಅವ್ವನಿಗೂ ಅಪ್ಪನಿಗೂ ಜಗಳವಾಯಿತು, ಆದರೆ ಹೊಲದ ಬಗ್ಗೆ ಅಲ್ಲ. ಸೀರೆಯ ದಡಿ, ಅಂದರೆ ಅಂಚು, ಅಗಲವಿರಬೇಕು, ಇಷ್ಟು ವರ್ಷ ದುಡಿದವಳಿಗೆ ಸಣ್ಣ ದಡಿಯ ಸೀರೆ ಕೊಟ್ಟರೆ ಮಂದಿ ಏನಂದಾರು ಎಂದು ಅವ್ವ. ಅವಳೇನು ಮೆರವಣಿಗೆ ಹೋಗುತ್ತಾಳೆಯೇ ಎಂದು ಅಪ್ಪ. ಎರಡು ದಿನ ಮಾತುಬಿಟ್ಟರು. ಇಬ್ಬರೂ ಒಳ್ಳೆಯವರೇ. ಒಬ್ಬರಿಗೂ ಇದಕ್ಕಿಂತ ಮುಂದಿನದು ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಕಾಳಿನ ಕೋಣೆಯಲ್ಲಿ ಬೇಳೆ ಕೇರುತ್ತ ಕೂತಿದ್ದ ಅತ್ತಿಯನ್ನು ಯಾವ ಬಣ್ಣ ಬೇಕು ಎಂದು ಕೇಳಲು ನನ್ನನ್ನೇ ಕಳಿಸಿದರು. ಅವಳು ಮೊರದಿಂದ ತಲೆ ಎತ್ತದೆ ನಂದೇನದ ಎಂದಳು. ಅಂದು ಮಾತ್ರ ಆ ಮಾತು ಹೇಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಒಂದು ರವಿವಾರ ನಾಲ್ವರೂ ಬಸ್ ಹತ್ತಿ ಕಮಲಾಪುರಕ್ಕೆ ಹೋದೆವು. ಅಪ್ಪ ಯಂತ್ರವನ್ನು ಬ್ಯಾಗಿನಲ್ಲಿ ಹಾಕಿಕೊಳ್ಳಲು ಎರಡು ಸಲ ನೆನಪಿಸಿದ. ದೊಡ್ಡಪ್ಪನ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಸಾಕ್ಷಿಗೆಂದು ಊರಿನ ಇಬ್ಬರು ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ತಟ್ಟೆಯಲ್ಲಿ ಹಸಿರು ಇಳಕಲ್ ಸೀರೆ, ಅಗಲ ದಡಿಯದೇ, ಮೇಲೆ ಖಣ, ಕೊಬ್ಬರಿ ಬಟ್ಟಲು, ಅರಿಸಿನ ಕುಂಕುಮ. ಅತ್ತಿ ಒಳಬಾಗಿಲ ಹತ್ತಿರ ಮೆಂತ್ಯದ ಸೊಪ್ಪು ಸೋಸುತ್ತ ಕೂತಳು. ಅವಳು ಹುಟ್ಟಿ ಬೆಳೆದ ಮನೆ, ಆದರೂ ಕೂರಲು ಆ ಬಾಗಿಲನ್ನೇ ಹುಡುಕಿಕೊಂಡಿದ್ದಳು. ಚಹಾ ಆದಮೇಲೆ ಅಪ್ಪನಿಗೆ ತಡೆಯಲಾಗಲಿಲ್ಲ. ಮಗಳು ಮಷಿನ್‌ಗೆ ಪಾಲು ಮಾಡುವುದನ್ನು ಕಲಿಸಿದ್ದಾಳೆ ಎಂದು ಹಿರಿಯರಿಗೆ ಹೇಳಿ, ಹೊಲದ ಪಹಣಿಯನ್ನು ನನ್ನ ಕೈಗೆ ಕೊಟ್ಟ.

“ಮಂಗಲಾ, ಇದನ್ನ ಪಾಲು ಮಾಡಿ ತೋರಿಸು ನಿಮ್ಮ ದೊಡ್ಡಪ್ಪಗ.”

ಕಾಗದದಲ್ಲಿ 7.20 ಎಂದು ಟೈಪು ಮಾಡಿತ್ತು. ಎಲ್ಲರೂ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಯಂತ್ರ ‘ಎಷ್ಟು’ ಎಂದಿತು. ಏಳು ಪಾಯಿಂಟ್ ಎರಡು ಸೊನ್ನೆ ಒತ್ತಿದೆ. ‘ಎಷ್ಟು ಪಾಲು’ ಎಂದಿತು, ಮೂರು ಒತ್ತಿದೆ. ಉತ್ತರ ತಕ್ಷಣ ಬಂತು. ನಾನು ತರಗತಿಯಲ್ಲಿ ಓದುವ ದನಿಯಲ್ಲಿ ಓದಿದೆ.

“ಮೂರು ಪಾಲು ಮಾಡಿದ್ರ ಒಂದೊಂದಕ್ಕ ಎರಡು ಎಕರೆ, ಮ್ಯಾಲ ಐದರಾಗ ಎರಡು.”

ಐದರಲ್ಲಿ ಎರಡು ಎಂದರೆ ಹದಿನಾರು ಗುಂಟೆ ಎಂದು ಹಿರಿಯರೊಬ್ಬರು ಬೆರಳು ಮಡಚಿ ಹೇಳಿದರು. ನಲವತ್ತು ಗುಂಟೆಗೆ ಒಂದು ಎಕರೆ. ಬಾಗಿಲ ಬಳಿ ಸೊಪ್ಪಿನ ಸದ್ದು ನಿಂತಿತು.

“ಹದಿನಾರು ಮೂರಲೆ ನಲವತ್ತೆಂಟು,” ಎಂದಳು ಅತ್ತಿ, ಯಾರನ್ನೂ ನೋಡದೆ. “ಎಲ್ಲಾ ಕೂಡಿಸಿದ್ರ ಏಳು ಎಕರೆ ಎಂಟು ಗುಂಟಿ ಆತು. ಇನ್ನ ಹನ್ನೆರಡು ಗುಂಟಿ ಎಲ್ಲಿ ಹೋತು?”

ದೊಡ್ಡಪ್ಪ ನನ್ನ ಕೈಯಿಂದ ಪಹಣಿ ಕಸಿದುಕೊಂಡು ನೋಡಿ, ತೊಡೆ ತಟ್ಟಿಕೊಂಡು ನಕ್ಕ. ಹೊಲದ ವಿಷಯದಲ್ಲಿ ಯಾರಾದರೂ ತಪ್ಪಿದರೆ ತಿದ್ದದೆ ಬಿಡುವ ಮನುಷ್ಯನಲ್ಲ ಅವನು. ಅದರಲ್ಲೂ ಪ್ಯಾಟಿಯ ಮಷಿನ್ ತಪ್ಪಿತ್ತು.

“ಇದು ನಿಮ್ಮಪ್ಪನ ಪಾಯಿಂಟ್ ಅಲ್ಲವ್ವ. ಚುಕ್ಕಿ ಈ ಕಡಿ ಎಕರೆ, ಆ ಕಡಿ ಗುಂಟಿ. ಏಳು ಎಕರೆ ಇಪ್ಪತ್ತು ಗುಂಟಿ. ಅಂದ್ರ ಏಳೂವರಿ. ಏಳೂವರಿ ಮೂರು ಪಾಲು ಮಾಡಿದ್ರ ಅಡೀಚ ಅಡೀಚ ಬರತದ. ಇದಕ್ಕ ಮಷಿನ್ ಯಾಕ ಬೇಕು?”

ಹಿರಿಯರು ಹೌದು ಹೌದು, ಅಡೀಚ ಎಂದು ತಲೆಯಾಡಿಸಿದರು. ಅವರ ತಲೆ ಅರ್ಧಕ್ಕೇ ನಿಂತಿತು. ದೊಡ್ಡಪ್ಪನ ನಗು ಮುಖದ ಮೇಲೆ ಹಾಗೆಯೇ ಉಳಿಯಿತು, ಅದನ್ನು ಎಲ್ಲಿ ಇಡಬೇಕೋ ಅವನಿಗೆ ತಿಳಿಯಲಿಲ್ಲ. ಅಪ್ಪ ನನ್ನನ್ನು ನೋಡಿದ. ಅತ್ತಿ ಮಡಿಲಿನ ಸೊಪ್ಪನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಎದ್ದು ಬಂದಳು. ಸೀರೆಯ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಗೋಡೆಯ ಕಡೆ ಸರಿಸಿ, ಅದಿದ್ದ ಜಾಗದಲ್ಲಿ ಕಂಬಳಿಯ ಮೇಲೆ ಕೂತಳು.

“ಹಂಗಾದ್ರ ನಂದು ಅಡೀಚ.”

ಅಷ್ಟೇ ಅಂದದ್ದು. ಅತ್ತಿಯ ಬಾಯಿಯಲ್ಲಿ ‘ನಂದು’ ಎಂಬ ಶಬ್ದಕ್ಕೆ ‘ಏನದ’ ಎಂಬ ಬಾಲವಿಲ್ಲದೆ ನಾನು ಕೇಳಿದ್ದು ಅದೇ ಮೊದಲು. ಅಪ್ಪ ಅಕ್ಕಾ ಎಂದು ಏನೋ ಹೇಳಲು ಹೋದ. ಹಿರಿಯರಲ್ಲಿ ಒಬ್ಬರು, ಅಣ್ಣನೇ ಬಾಯಿಬಿಟ್ಟು ಮೂರು ಪಾಲು ಅಂದಿದ್ದಾನೆ, ನಾವಿಬ್ಬರೂ ಕೇಳಿದ್ದೇವೆ, ಇನ್ನು ಬೇರೆ ಕಾಗದಕ್ಕೆ ನಾವು ಸಾಕ್ಷಿ ಹಾಕುವುದು ಹೇಗೆ ಎಂದು ರುಮಾಲು ಎತ್ತಿಕೊಂಡರು. ಅಂದು ಸಹಿ ಆಗಲಿಲ್ಲ.

ಮರಳುವ ಬಸ್ಸಿನಲ್ಲಿ ಅವ್ವನೂ ಅತ್ತಿಯೂ ಮುಂದಿನ ಸೀಟಿನಲ್ಲಿದ್ದರು. ಅಪ್ಪ ತಗ್ಗಿದ ದನಿಯಲ್ಲಿ, ಮೂರು ಯಾಕೆ ಒತ್ತಿದೆ ಎಂದು ಕೇಳಿದ. ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದುದನ್ನು ಹೇಳಲಿಲ್ಲ. ನೀವು ಮೂರು ಮಂದಿ ಅಲ್ಲವೇ ಎಂದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಹೌದು, ಮೂರೇ ಮಂದಿ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಆ ಕೈಯ ಭಾರ ನನಗೆ ಇವತ್ತಿಗೂ ನೆನಪಿದೆ, ಯಾಕೆಂದರೆ ಅದು ನನಗೆ ಸಲ್ಲಬೇಕಾದದ್ದಾಗಿರಲಿಲ್ಲ.

ಮುಂದೆ ಒಂದು ವರ್ಷ ದೊಡ್ಡಪ್ಪ ನಮ್ಮ ಮನೆಗೆ ಕಾಲಿಡಲಿಲ್ಲ, ಹಣ್ಣೂ ಬರಲಿಲ್ಲ. ಕೊನೆಗೆ ಅಪ್ಪನೇ ಊರಿಗೆ ಹೋಗಿ ಅಣ್ಣನ ಎದುರು ಕೂತು ಒಪ್ಪಿಸಿದ. ಹೊಲಕ್ಕೆ ಮೂರು ಪಾಲಿನ ಕಲ್ಲು ನೆಟ್ಟರು. ಬಾವಿಯ ಪಕ್ಕದ ಪಾಲು ಅತ್ತಿಗೆ ಬಂತು. ಅವಳು ಟ್ರಂಕನ್ನೂ ತನ್ನ ರೊಟ್ಟಿ ಹಂಚನ್ನೂ ತೆಗೆದುಕೊಂಡು ಕಮಲಾಪುರಕ್ಕೆ ಹೊರಟಾಗ ನಾನು ಬಾಗಿಲು ಹಾಕಿಕೊಂಡು ಅತ್ತೆ. ಹೋಗಬೇಡ ಎನ್ನಲು ನನಗೆ ಬಾಯಿ ಇರಲಿಲ್ಲ. ಅವ್ವನಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ; ನಮ್ಮ ಮನೆಯಲ್ಲಿ ಚಪಾತಿ ಶುರುವಾಯಿತು, ಪಾತ್ರೆಗಳು ನಡುಗುವುದು ನಿಂತಿತು. ಕಾಳಿನ ಕೋಣೆ ಬರೀ ಕಾಳಿನ ಕೋಣೆಯಾಯಿತು. ನಾನು ಮಾತ್ರ ಎಲ್ಲರ ಕಣ್ಣಲ್ಲಿ ದೊಡ್ಡವಳಾದೆ. ಹದಿನಾಲ್ಕನೇ ವಯಸ್ಸಿಗೇ ಅತ್ತಿಯ ಪಾಲು ಕೇಳಿದ ಹುಡುಗಿ ಎಂದು ನೆಂಟರಿಷ್ಟರು ಹೊಗಳಿದರು. ಹೊಗಳಿಕೆಗೆ ತಕ್ಕಂತೆ ಬದುಕಬೇಕೆಂದು ನಾನು ನಿಜವಾಗಿಯೂ ಪಾಲು ಕೇಳುವವಳಾದೆ: ಕಾಲೇಜಿನಲ್ಲಿ, ಕೆಲಸದಲ್ಲಿ, ಗಂಡನ ಮನೆಯಲ್ಲಿ. ನನ್ನ ಇಡೀ ಸ್ವಭಾವ ಆ ಒಂದು ಗುಂಡಿಯ ಮೇಲೆ ನಿಂತಿದೆ. ಆ ಗುಂಡಿ ಒತ್ತಿದಾಗ ನನ್ನ ತಲೆಯಲ್ಲಿ ಅತ್ತಿ ಇರಲೇ ಇಲ್ಲ.

ನನ್ನ ಬೆರಳಿಗೆ ಅಭ್ಯಾಸವಾಗಿದ್ದುದು ಬಾಳೆಹಣ್ಣಿನ ಮೂರು. ಅಪ್ಪ, ಅವ್ವ, ನಾನು. ನೂರಾರು ಸಲ ಒಂದು, ಮೂರು ಎಂದು ಒತ್ತಿದ ಬೆರಳು ‘ಎಷ್ಟು ಪಾಲು’ ಎಂದ ಕೂಡಲೇ ತಾನಾಗಿ ಅಲ್ಲಿಗೆ ಹೋಗಿತ್ತು. ಎಲ್ಲರೂ ಅತ್ತಿಯನ್ನು ಸೇರಿಸಿಕೊಂಡದ್ದು ಎಂದುಕೊಂಡ ಆ ಮೂರು, ಅತ್ತಿಯನ್ನು ಬಿಟ್ಟು ಎಣಿಸಿದ ಮೂರಾಗಿತ್ತು.

ಹೋದ ವರ್ಷ ಕಮಲಾಪುರಕ್ಕೆ ಹೋದಾಗ ಇದನ್ನು ಅವಳಿಗೆ ಹೇಳಿಬಿಟ್ಟೆ. ಅತ್ತಿಗೆ ಈಗ ಬೆನ್ನು ಬಾಗಿದೆ, ಆದರೆ ಬದುವಿನ ಮೇಲೆ ನಿಂತು ಆಳುಗಳನ್ನು ಕೂಗುವ ದನಿ ಬಾಗಿಲ್ಲ. ಬಾವಿಯ ಪಕ್ಕ ಕೆಂಪು ಬಾಳೆ ಹಾಕಿದ್ದಾಳೆ. ಗಿಡದ ನೆರಳಲ್ಲಿ ಕೂತು, ಬಸ್ಸಿನಲ್ಲಿ ಅಪ್ಪನಿಗೆ ಹೇಳಿದ ಸುಳ್ಳಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಒಂದು ಹಣ್ಣು ಕಿತ್ತು ಸಿಪ್ಪೆ ಸುಲಿಯುತ್ತಿದ್ದಳು.

“ಗೊತ್ತದ,” ಎಂದಳು. “ಆ ಹಣ್ಣು ಮೂರು ಮಾಡತಿದ್ದಾಕಿ ನಾನೇ ಅಲ್ಲೇನು? ನೀ ಒತ್ತಿದ್ದು ಯಾವ ಮೂರು ಅಂತ ನನಗ ಅವತ್ತೇ ತಿಳೀತು.”

“ಮತ್ತ ಯಾಕ ಸುಮ್ಮನಿದ್ದಿ?”

“ಯಾವ ಮೂರು ಅಂತ ಯಾರೂ ಕೇಳಲಿಲ್ಲ. ನಾ ಹೊಕ್ಕು ಕೂತೆ.”

ಅವಳು ಹಣ್ಣನ್ನು ಕೈಯಿಂದಲೇ ಎರಡು ಮಾಡಿದಳು. ಒಂದು ತುಂಡು ಇನ್ನೊಂದಕ್ಕಿಂತ ಎರಡು ಬೆರಳು ಉದ್ದವಿತ್ತು. ಎರಡನ್ನೂ ಒಮ್ಮೆ ನೋಡಿ, ಸಣ್ಣದನ್ನು ನನಗೆ ಕೊಟ್ಟಳು.

“ಚೂರು ಹೆಚ್ಚು ಕಮ್ಮಿ ನಡೀತದ,” ಎಂದು ದೊಡ್ಡದನ್ನು ತಿನ್ನತೊಡಗಿದಳು.